ಎಡಗೈಯ ಉರಿ

ಮೆಣಸಿನಕಾಯಿ ಸುಡುತ್ತದೆ ಎಂದು ನೀವು ನಂಬಿದ್ದರೆ ಆ ನಂಬಿಕೆಯನ್ನು ಮೊದಲು ಪಕ್ಕಕ್ಕಿಡಿ. ಮೆಣಸಿನಕಾಯಿ ಏನನ್ನೂ ಸುಡುವುದಿಲ್ಲ. ಥರ್ಮಾಮೀಟರಿನ ಮೇಲೆ ಖಾರಪುಡಿ ಸುರಿದು ನೋಡಿ, ಪಾದರಸ ಒಂದು ಗೆರೆಯೂ ಏರುವುದಿಲ್ಲ. ಹಾಗಾದರೆ ಬಾಯಿ ಯಾಕೆ ಉರಿಯುತ್ತದೆ? ನಮ್ಮ ನರಕೋಶಗಳು ಮೋಸ ಹೋಗುತ್ತವೆ, ಅಷ್ಟೆ. ಚರ್ಮ, ನಾಲಿಗೆ, ಕಣ್ಣುಗಳಲ್ಲಿ ಹರಡಿಕೊಂಡ ನರಗಳ ತುದಿಯಲ್ಲಿ ಪುಟ್ಟ ಪುಟ್ಟ ಬಾಗಿಲುಗಳಿವೆ. ಸುಡುವ ಶಾಖ ತಾಗಿದರೆ ಆ ಬಾಗಿಲು ತೆರೆದುಕೊಂಡು, ಉಪ್ಪಿನ ಕಣಗಳು ಒಳನುಗ್ಗಿ, ಬೆಂಕಿ ಬಿತ್ತು ಎಂಬ ಸುದ್ದಿ ಮಿದುಳಿಗೆ ಓಡುತ್ತದೆ. ಮೆಣಸಿನಕಾಯಿಯೊಳಗಿನ ಕ್ಯಾಪ್ಸೈಸಿನ್ ಎಂಬ ವಸ್ತು ಅದೇ ಬಾಗಿಲಿಗೆ ತಗುಲಿಕೊಂಡು ಅದನ್ನು ತೆರೆದುಬಿಡುತ್ತದೆ. ಬೆಂಕಿ ಎಲ್ಲೂ ಇಲ್ಲ, ಆದರೂ ಮಿದುಳು ಹೊಯ್ಕೊಳ್ಳುತ್ತದೆ.

ಆ ಬಾಗಿಲಿಗೆ ಬೀಗ ಹಾಕಿದರೆ ಏನಾದೀತು? ಅದನ್ನೇ ನಾವು ಮಾಡಿದ್ದು. ನಾವು ಅಂದರೆ ಧಾರವಾಡದ ಒಂದು ನರವಿಜ್ಞಾನ ಪ್ರಯೋಗಾಲಯದವರು. ನನ್ನ ಹೆಸರು ಮಂದಾಕಿನಿ ಹಾವನೂರ, ಬೀಗದ ಅರ್ಧ ಕೆಲಸ ನನ್ನದು. ಒಂದು ಸಾಧು ವೈರಸ್ಸಿನ ಹೊಟ್ಟೆಯೊಳಗೆ ಬೀಗ ತಯಾರಿಸುವ ಸೂಚನೆ ತುಂಬಿ ತೋಳಿಗೆ ಚುಚ್ಚುತ್ತೇವೆ. ಅದು ರಕ್ತದಲ್ಲಿ ತಿರುಗಾಡಿ, ಬೆನ್ನುಹುರಿಯ ಪಕ್ಕದಲ್ಲಿ, ತಲೆಬುರುಡೆಯ ಬುಡದಲ್ಲಿ ಗೊಂಚಲಾಗಿ ಕೂತಿರುವ ಸಂವೇದಿ ಕೋಶಗಳನ್ನು ಸೇರುತ್ತದೆ. ಬೆರಳ ತುದಿಯಲ್ಲಿ ಉರಿಯನ್ನು ಅರಿಯುವ ಕೋಶದ ಒಡಲು ಇರುವುದು ಬೆರಳಿನಲ್ಲಲ್ಲ, ಕುತ್ತಿಗೆಯ ಹಿಂದೆ. ಅಲ್ಲಿಂದ ಬೆರಳವರೆಗೆ ಅದರ ಒಂದೇ ಎಳೆ ಓಡಿರುತ್ತದೆ. ಸೂಚನೆ ಸಿಕ್ಕ ಕೋಶ ತನ್ನ ಬೀಗವನ್ನು ತಾನೇ ತಯಾರಿಸಿ ಎಳೆಯುದ್ದಕ್ಕೂ ಕಳಿಸುತ್ತದೆ. ಒಂದು ಸಲ ಚುಚ್ಚಿದರೆ ಇಡೀ ಮೈಗೆ, ಇಡೀ ಜೀವಮಾನಕ್ಕೆ ಸಾಕು. ಸುಡುವ ಶಾಖಕ್ಕೆ ಬೇರೆ ಬಾಗಿಲುಗಳೂ ಇರುವುದರಿಂದ ಬೆಂಕಿ ಮುಟ್ಟಿದರೆ ಗೊತ್ತಾಗುತ್ತದೆ, ಚೂರು ತಡವಾಗಿ. ಖಾರಕ್ಕೆ ಮಾತ್ರ ಇದೊಂದೇ ಬಾಗಿಲು. ಈ ಚುಚ್ಚುಮದ್ದಿಗೆ ‘ತಂಪು’ ಎಂದು ಹೆಸರಿಟ್ಟವರು ನಮ್ಮ ನಿರ್ದೇಶಕ ಡಾ. ವಾದಿರಾಜ ಮಣ್ಣೂರ. ತಲೆಗೆ ಹಚ್ಚುವ ಎಣ್ಣೆಯ ಹೆಸರಿನ ಹಾಗಿದೆ ಎಂದು ನಾನು ಬಾಯಿಬಿಟ್ಟು ಹೇಳಿದೆ. ಯಾರು ಕೇಳುತ್ತಾರೆ!

ಮೊದಲು ಈ ಬೀಗ ಬೇಕಾಗಿದ್ದು ಬ್ಯಾಡಗಿಯ ಪೇಟೆಯ ಹೆಂಗಸರಿಗೆ. ಬ್ಯಾಡಗಿ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ. ಅದನ್ನು ಮುಟ್ಟಿದರೆ ಕೈ ಅಷ್ಟೇನೂ ಉರಿಯುವುದಿಲ್ಲ. ಆದರೆ ಅಲ್ಲಿಗೆ ಗುಂಟೂರಿನ ಕಾಯಿಯೂ ಲಾರಿಗಟ್ಟಲೆ ಬರುತ್ತದೆ, ಅದು ಬಂದ ದಿನ ರಸ್ತೆಯಲ್ಲಿ ಹೋಗುವವನೂ ಸೀನುತ್ತಾನೆ. ಆ ರಾಶಿಯ ಮುಂದೆ ಮುಂಜಾನೆಯಿಂದ ಸಂಜೆಯವರೆಗೆ ಕೂತು, ಒಂದೊಂದೇ ಕಾಯಿಯ ತೊಟ್ಟು ಮುರಿದು ಹಾಕುವವರು ಹೆಂಗಸರು. ತೊಟ್ಟಿಗೆ ಅಲ್ಲಿ ತುಂಬು ಅನ್ನುತ್ತಾರೆ. ಕೈಯುರಿ, ಕಣ್ಣುರಿ, ಎದೆ ಹಿಂಡುವ ಕೆಮ್ಮು. ಕೈಗವಸು ಹಾಕಿಕೊಂಡರೆ ತುಂಬು ಬೆರಳಿಗೆ ಸಿಗುವುದಿಲ್ಲ, ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಬೇಸಿಗೆಯಲ್ಲಿ ಉಸಿರು ಕಟ್ಟುತ್ತದೆ. ಅವರಿಗಾಗಿಯೇ ನಾವು ತಂಪು ಒಯ್ದೆವು.

ಪೇಟೆಯಲ್ಲಿ ಮೊದಲು ತೋಳು ಚಾಚಿದವಳು ಫಕ್ಕೀರವ್ವ. ಗಟ್ಟಿ ಹೆಂಗಸು, ಐವತ್ತರ ಆಸುಪಾಸು, ಮಾತು ಕಡಿಮೆ, ಆಡಿದರೆ ನೇರ.

“ಚುಚ್ರಿ ಅಕ್ಕಾರ. ಹುಟ್ಟಿದಾಗಿಂದ ಉರದೇನಿ, ಇನ್ನ ಮ್ಯಾಲ ಏನ್ ಆಗೂದೈತಿ?” ಅಂದಳು.

ಒಂದು ವಾರ ಬಿಟ್ಟು ನಾವು ಮತ್ತೆ ಹೋದಾಗ ಆಕೆ ಗುಂಟೂರಿನ ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ, ಅದೇ ಕೈಯಿಂದ ಕಣ್ಣು ತಿಕ್ಕಿಕೊಂಡು ಗಹಗಹಿಸಿ ನಕ್ಕಳು. ಸುತ್ತಲಿನ ಹೆಂಗಸರು ‘ಯವ್ವಾ ಯವ್ವಾ’ ಎಂದು ಬಾಯಿಮೇಲೆ ಕೈಯಿಟ್ಟುಕೊಂಡರು. ಆಮೇಲೆ ನಾ ಮುಂದು ತಾ ಮುಂದು ಎಂದು ಸಾಲು ನಿಂತರು. ಎರಡು ವರ್ಷದಲ್ಲಿ ಪೇಟೆಯ ಕೆಮ್ಮೇ ನಿಂತುಹೋಯಿತು. ರಾಶಿಯ ಮುಂದೆ ಹಾಡು ಕೇಳತೊಡಗಿತು. ಅವತ್ತು ನಾನು ಹೆಮ್ಮೆಪಟ್ಟೆ. ಈಗಲೂ ಪಡುತ್ತೇನೆ, ಯಾರು ಏನೇ ಅನ್ನಲಿ.

ಮನೆಗಳಲ್ಲಿ ಮಾತ್ರ ಸಣ್ಣಪುಟ್ಟ ಫಜೀತಿ ಶುರುವಾಯಿತು. ಬೀಗ ಬಿದ್ದ ನಾಲಿಗೆಗೆ ಖಾರ ತಿಳಿಯುವುದಿಲ್ಲ. ಫಕ್ಕೀರವ್ವ ಸಾರಿಗೆ ಕೈತುಂಬ ಖಾರ ಹಾಕಿ, ಸಪ್ಪಗಿದೆ ಎಂದು ಇನ್ನಷ್ಟು ಹಾಕುತ್ತಿದ್ದಳು. ಆಕೆಯ ಗಂಡ ಸೋಮಲಿಂಗಪ್ಪ ಟೇಲರ್. ಊಟಕ್ಕೆ ಕೂತರೆ ಅವನ ಮೂಗು, ಕಣ್ಣು ಎರಡೂ ಸುರಿಯುತ್ತಿದ್ದವು.

“ನಿನಗೇನ ಬೇ, ಬೀಗ ಜಡದಾರ. ನಾ ಏನ್ ಪಾಪ ಮಾಡೇನಿ?” ಎಂದು ಅವನು ತಾಟು ಸರಿಸಿಬಿಟ್ಟ. ಕಡೆಗೆ ಖಾರದ ಡಬ್ಬಿ ಅವನ ಪಾಲಿಗೆ ಬಂತು. ಹೆಂಡತಿ ಒಗ್ಗರಣೆ ಹಾಕುವಾಗ ಅವನು ಹೊಲಿಗೆ ಮಷಿನ್ ಬಿಟ್ಟು ಎದ್ದುಬಂದು, ಖಾರ ತಾನೇ ಹಾಕಿ ಹೋಗುತ್ತಿದ್ದ. ಓಣಿಯವರು ನಕ್ಕರು, ಅವರಿಬ್ಬರೂ ನಕ್ಕರು. ನಮ್ಮ ವರದಿಯಲ್ಲಿ ನಾನು ಅದನ್ನು ‘ರುಚಿಯ ಹೊಂದಾಣಿಕೆ’ ಎಂದು ಬರೆದು ಕೈತೊಳೆದುಕೊಂಡೆ.

ಮುಂದಿನದು ನಗುವ ವಿಷಯವಲ್ಲ. ಫಕ್ಕೀರವ್ವನ ಒಬ್ಬಳೇ ಮಗಳು ಕಸ್ತೂರಿ, ಮೋಟೆಬೆನ್ನೂರಿಗೆ ಕೊಟ್ಟದ್ದು, ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಕೂಸು. ಕೂಸಿಗೆ ಎರೆಯುವ ಕೆಲಸ ಅಜ್ಜಿಯದು. ಆ ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಎರೆಯಲು ಕರೆಯುತ್ತಿದ್ದುದೇ ಫಕ್ಕೀರವ್ವನನ್ನು. ಬಚ್ಚಲಲ್ಲಿ ಮಣೆ ಹಾಕಿ ಕಾಲು ನೀಡಿ ಕೂತು, ಕೂಸನ್ನು ಕಾಲಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಎರೆದು, ಹೊಗೆ ಹಾಕಿ, ಸುತ್ತಿ ಮಲಗಿಸಿದರೆ ಕೂಸು ಮಧ್ಯಾಹ್ನ ಇಳಿಯುವವರೆಗೂ ಕಣ್ಣು ಬಿಡುತ್ತಿರಲಿಲ್ಲ.

ಬೀಗ ಬರುವ ಮೊದಲು ಪೇಟೆಯ ಕೆಲಸದ ನಡುವೆ ಮನೆಗೆ ಬಂದು ಕೂಸು ಮುಟ್ಟುವ ಮಾತೇ ಇರಲಿಲ್ಲ. ಕೈಯೇ ಕೆಂಡವಾಗಿರುವಾಗ ಯಾರು ಮುಟ್ಟುತ್ತಾರೆ? ಎಣ್ಣೆ ಹಚ್ಚಬೇಕು, ಸೀಗೆಕಾಯಿ ಹಾಕಿ ತಿಕ್ಕಬೇಕು, ಉರಿ ಇಳಿಯಬೇಕು. ಅದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ, ಉರಿಯೇ ಕಲಿಸಿತ್ತು. ಬೀಗ ಬಂದ ಮೇಲೆ ಕೈ ತಣ್ಣಗಾಯಿತು, ಕೈ ತೊಳೆಯುವುದೂ ಊಟಕ್ಕೆ ಮೊದಲು ಒಂದು ಚೆಂಬು ನೀರಿಗೆ ಇಳಿಯಿತು. ಒಂದು ದಿನ ಫಕ್ಕೀರವ್ವ ರಾಶಿಯ ಮುಂದಿನಿಂದ ಎದ್ದು, ಮನೆ ಹತ್ತಿರವೇ ಇದೆಯಲ್ಲ ಎಂದು ಓಡಿಬಂದು, ಸೋಪಿನಿಂದ ಕೈ ತೊಳೆದು, ಕೂಸಿಗೆ ಎಣ್ಣೆ ತಿಕ್ಕಿ, ಮುಖಕ್ಕೆ ನೀರು ಹಾಕಿ, ಕಣ್ಣಿನ ಮೂಲೆಯನ್ನು ಬೆರಳಿನಿಂದ ಒರೆಸಿದಳು.

ಕೂಸು ಉಸಿರು ಕಟ್ಟಿ ಚೀರಿತು. ಮೊದಲು ಹೊಟ್ಟೆನೋವು ಅಂದುಕೊಂಡರು. ದೃಷ್ಟಿ ತೆಗೆದರು. ಫಕ್ಕೀರವ್ವ ಸಮಾಧಾನ ಮಾಡಲು ಮತ್ತೆ ಮತ್ತೆ ಮುಖ ಸವರಿದಳು, ಸವರಿದಷ್ಟೂ ಕೂಸು ಹೊರಳಾಡಿತು. ಕಣ್ಣು ಬಾತು ಮುಚ್ಚಿಕೊಂಡಾಗ ದವಾಖಾನೆಗೆ ಓಡಿದರು. ಅಲ್ಲಿನ ಡಾಕ್ಟರು ಕೂಸಿನ ಕಣ್ಣು ತೊಳೆದ ಹತ್ತಿಯನ್ನು ಮೂಗಿನ ಹತ್ತಿರ ಹಿಡಿದು ಸೀನಿದರು.

“ಕೂಸಿನ ಕಣ್ಣಾಗ ಖಾರ ಹಾಕೀರಲ್ಲ, ನೀವೇನ್ ಮನುಷ್ಯಾರೋ ಏನೋ?” ಎಂದು ಅವರು ಕೂಗಾಡಿದರು.

ಕಣ್ಣು ಉಳಿಯಿತು, ದೇವರು ದೊಡ್ಡವನು. ಆದರೆ ಕಸ್ತೂರಿ ಬಾಣಂತನವನ್ನು ಅರ್ಧಕ್ಕೆ ಬಿಟ್ಟು, ಹಸಿ ಮೈಯಲ್ಲಿ ಕೂಸನ್ನು ಕಟ್ಟಿಕೊಂಡು ಗಂಡನ ಮನೆಗೆ ಹೋದಳು. ತವರಿಂದ ಬಾಣಂತಿ ಹಾಗೆ ಎದ್ದುಹೋಗುವುದೆಂದರೆ ಓಣಿಗೆಲ್ಲ ಸುದ್ದಿ. ಹೋಗುವಾಗ ತಾಯಿಯ ಮುಖವನ್ನೂ ನೋಡದೆ ಹೇಳಿದಳಂತೆ, “ನಿನ್ನ ಕೈ ಕಂಡ್ರ ನನಗ ಹೆದರಿಕಿ ಆಗ್ತೈತಿ ಯವ್ವಾ. ನನ್ನ ಕೂಸಿನ್ನ ಮುಟ್ಟಬ್ಯಾಡ.”

ಇದೆಲ್ಲ ನನಗೆ ತಿಳಿದದ್ದು ಫಕ್ಕೀರವ್ವ ಧಾರವಾಡದ ನಮ್ಮ ಪ್ರಯೋಗಾಲಯದ ಬಾಗಿಲಿಗೆ ಬಂದು ಕೂತಾಗ. ಕಾವಲುಗಾರ ಒಳಗೆ ಬಿಡದಿದ್ದರೂ ಕದಲದೆ ಕೂತಿದ್ದಳು. ನಾನೇ ಹೋಗಿ ನನ್ನ ಕೋಣೆಗೆ ಕರೆತಂದೆ.

“ನನ್ನ ಉರಿ ನನಗ ತಿರುಗಿ ಕೊಡ್ರಿ ಅಕ್ಕಾರ,” ಅಂದಳು.

ನನಗೆ ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ? ಹನ್ನೆರಡು ವರ್ಷ ಕಣ್ಣು ಕಳೆದುಕೊಂಡು ಮಾಡಿದ ಕೆಲಸವನ್ನು ಒಬ್ಬಾಕೆ ಬಂದು ವಾಪಸ್ ತಗೊಳ್ಳಿ ಅಂದರೆ ಯಾರಿಗೆ ಬರುವುದಿಲ್ಲ!

“ಕೈಯಾಗ ಖಾರ ಇಟ್ಟಕೊಂಡು ಕೂಸು ಮುಟ್ಟಿದ್ರ ಬೀಗ ಏನ್ ಮಾಡ್ತೈತಿ? ಎಣ್ಣಿ ಹಚ್ಚಿ ನೆಟ್ಟಗ ತೊಳಕೋಬೇಕವಾ,” ಅಂದೆ.

“ಈಗ ತೊಳೀತೀನ್ರಿ. ಎಣ್ಣಿ, ಸೀಗಿಕಾಯಿ, ಸೋಪು, ಮಜ್ಜಿಗಿ, ಎಲ್ಲಾ ಹಾಕಿ ತೊಳೀತೀನಿ. ಹೋತೋ ಇಲ್ಲೋ ಅಂತ ಯಾರ್ನ ಕೇಳ್ಲಿ?” ಎಂದು ಆಕೆ ಎರಡೂ ಅಂಗೈಯನ್ನು ನನ್ನ ಮೇಜಿನ ಮೇಲಿಟ್ಟಳು. “ದಿನಾ ಸಂಜಿಮುಂದ ಕಸ್ತೂರಿ ಅಪ್ಪನ ನಾಲಿಗಿಗೆ ಬೆರಳು ಹಚ್ಚಿ ಕೇಳ್ತಿದ್ದೆ. ಆ ಮನಶಾಂದು ಎಲಿ ಅಡಕಿ ತಂಬಾಕ ತಿಂದ ನಾಲಿಗಿ. ಸಾರಿನ ಖಾರ ಗೊತ್ತಾದೀತು, ಬೆರಳಿಗೆ ಉಳದ ಚೂರು ಖಾರ ಅದಕ್ಕ ಏನ್ ಗೊತ್ತಾಗ್ತೈತಿ?”

ನಗು ಬಂತು, ತಡೆದುಕೊಂಡೆ. ನಮ್ಮಲ್ಲಿ ಖಾರ ಪತ್ತೆ ಹಚ್ಚುವ ಕಾಗದದ ಪಟ್ಟಿಗಳಿವೆ, ಬೆರಳಿಗೆ ಒತ್ತಿದರೆ ಬಣ್ಣ ತಿರುಗುತ್ತದೆ. ಒಂದು ಕಟ್ಟು ತೆಗೆದು ಕೊಟ್ಟೆ. ಆಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಹಿಂದಕ್ಕೆ ಸರಿಸಿದಳು.

“ಚೊಲೋ ಐತ್ರಿ. ಆದ್ರ ಇದನ್ನ ನಾ ನೆಪ್ಪಿಟ್ಟು ಕೇಳಬೇಕಲ್ರಿ? ಕೂಸು ಬಿದ್ದು ಅಳಾಕ ಹತ್ತಿದ್ರ ಓಡಿಹೋಗಿ ಎತ್ಕೊಳ್ಳೋದೋ, ಪಟ್ಟಿ ಹುಡುಕೋದೋ? ಉರಿ ಹಂಗಲ್ರಿ. ಅದನ್ನ ಯಾರೂ ಕೇಳೂದು ಬ್ಯಾಡ, ತಾನ ಹೇಳ್ತೈತಿ.”

ನೋವು, ಉರಿ ಇವೆಲ್ಲ ಯಾಕಿವೆ ಎಂದು ನಾನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಪಾಠ ಹೇಳುತ್ತೇನೆ. ಕೇಳದೆಯೇ ಬಂದು ಎಚ್ಚರಿಸುವುದೇ ಅವುಗಳ ಕೆಲಸ ಎಂದು ಹೇಳುತ್ತೇನೆ. ಈ ಮಾತು ನನಗೆ ಹೊಸದೇನಲ್ಲ. ಹೊಸದು ಏನೆಂದರೆ, ಅದು ಬೇಕೆಂದು ಹಟ ಹಿಡಿದು ಒಬ್ಬರು ಎದುರಿಗೆ ಕೂತಿದ್ದು.

ಬೀಗ ತೆಗೆಯುವ ಕೀಲಿಕೈ ನಮ್ಮಲ್ಲಿ ಇರಲಿಲ್ಲ ಅಂತಲ್ಲ. ಇತ್ತು, ಇಲಿಗಳ ಮಟ್ಟಿಗೆ. ಇನ್ನೊಂದು ವೈರಸ್, ಬೀಗ ತಯಾರಿಸುವುದನ್ನು ನಿಲ್ಲಿಸು ಎಂಬ ಸೂಚನೆ. ಹಳೆಯ ಬೀಗಗಳು ಸವೆದುಹೋಗಿ ಬಾಗಿಲು ಮತ್ತೆ ತೆರೆಯುತ್ತದೆ. ತೊಂದರೆ ಇದ್ದದ್ದು ಮುಂದೆ. ವರ್ಷಗಟ್ಟಲೆ ಸುದ್ದಿ ಬಾರದಿದ್ದಾಗ ಬೆನ್ನುಹುರಿ ಸುಮ್ಮನಿರುವುದಿಲ್ಲ. ಸಣ್ಣ ಪಿಸುಮಾತಾದರೂ ಕೇಳಿಸೀತೇನೋ ಎಂದು ತನ್ನ ಕಿವಿಯನ್ನು ಚುರುಕು ಮಾಡಿಕೊಳ್ಳುತ್ತಾ ಹೋಗುತ್ತದೆ. ಆಗ ಬಾಗಿಲು ತೆರೆದರೆ ಪಿಸುಮಾತೂ ಕೂಗಾಗಿ ಕೇಳುತ್ತದೆ. ನಮ್ಮ ಇಲಿಗಳಲ್ಲಿ ಹೆಚ್ಚಿನವು ಕೆಲವು ವಾರ ಪಂಜ ನೆಕ್ಕಿಕೊಂಡು ಸರಿಹೋದವು. ಕೆಲವು ಸರಿಹೋಗಲೇ ಇಲ್ಲ. ಹತ್ತಿ ಸೋಕಿಸಿದರೂ ಚೀರುತ್ತಿದ್ದವು.

“ತಲಿ ನೆಟ್ಟಗ ಅದ ಏನು ನಿಮ್ದು?” ಎಂದರು ಮಣ್ಣೂರ ಸರ್. “ಆಕಿಗೆ ಜೀವಮಾನಪೂರ್ತಿ ಉರಿ ಉಳೀತು ಅಂದ್ರ ಯಾರು ಹೊಣಿ? ಮ್ಯಾಲ ಇಡೀ ಪ್ಯಾಟಿ ನಮ್ಮನ್ನ ಹರಸ್ಲಿಕ್ಕೆ ಹತ್ತೇದ. ಒಬ್ಬಾಕಿ ಸಲುವಾಗಿ ಅದನ್ನೆಲ್ಲಾ ಕೆದರಬೇಕೇನು?”

ಇಡೀ ಪೇಟೆ ಹರಸುತ್ತಿದ್ದದ್ದು ನಿಜ. ನಾನು ಬ್ಯಾಡಗಿಗೆ ಹೋದಾಗ ಫಕ್ಕೀರವ್ವನ ಪಕ್ಕದಲ್ಲೇ ಯಾವಾಗಲೂ ಕೂರುವ ಗೆಳತಿ ಹುಸೇನಬಿ ನನ್ನ ಸೆರಗು ಹಿಡಿದು ನಿಲ್ಲಿಸಿಕೊಂಡಳು.

“ಬಾಯಾರ, ಆಕಿ ಮಾತ ಕೇಳಿ ನಮ್ಮ ತಂಪ ನಿಂದರಸಬ್ಯಾಡ್ರಿ ಮತ್ತ. ನಮ್ಮವ್ವ ಕೆಮ್ಮಿ ಕೆಮ್ಮಿ ಸತ್ತಳ್ರಿ ಇದ ರಾಶಿ ಮುಂದ,” ಎಂದವಳೇ ಗೆಳತಿಯ ಕಡೆ ತಿರುಗಿ, “ಏ ಫಕ್ಕೀರಿ, ನಿನ್ನ ಕೈ ಸಲುವಾಗಿ ನಮ್ಮ ಎದಿ ಹೋಗಬೇಕೇನ?” ಎಂದು ಕೇಳಿದಳು.

ಫಕ್ಕೀರವ್ವ ಕೈಯಲ್ಲಿದ್ದ ಕಾಯಿಯ ತುಂಬು ಮುರಿದು ಹಾಕಿದಳು. “ನಿಮ್ದು ನಿಮಗಿರ್ಲಿ ಹುಸೇನಿ. ಯಾರ ಬೀಗಾನೂ ತಗೀರಿ ಅಂದಿಲ್ಲ ನಾ. ನನ್ದು ನನಗ ಬೇಕು ಅಂದೇನಿ. ನನ್ನ ಮಗಳು ನನ್ನ ಕೈ ಕಂಡು ಹೆದರ್ತಾಳ, ಇದಕ್ಕಿಂತ ದೊಡ್ಡ ಉರಿ ಯಾವದೈತಿ ಹೇಳ?”

ಹುಸೇನಬಿ ತನ್ನ ಪಾಲಿನ ಎಲೆ ಅಡಿಕೆಯನ್ನು ಗೆಳತಿಯ ಕಡೆ ಸರಿಸಿದಳು. ಆದರೂ ಅವಳ ಮುಖ ಬಿಗಿದುಕೊಂಡೇ ಇತ್ತು.

ಪರಿಹಾರ ನನಗೆ ಹೊಳೆದದ್ದು ವಾಪಸ್ ಬರುವ ಬಸ್ಸಿನಲ್ಲಿ. ಬೀಗವನ್ನು ರಕ್ತಕ್ಕೆ ಬಿಟ್ಟದ್ದರಿಂದ ಇಡೀ ಮೈಗೆ ಬಿತ್ತು. ಕೀಲಿಕೈಯನ್ನು ರಕ್ತಕ್ಕೆ ಬಿಡಬೇಕು ಎಂದು ಯಾರು ಹೇಳಿದ್ದು? ಒಂದು ಅಂಗೈಯ ಚರ್ಮಕ್ಕೆ ಚುಚ್ಚಿದರೆ, ಅಲ್ಲಿನ ನರದ ತುದಿಗಳು ಅದನ್ನು ಹೀರಿ, ಎಳೆಯುದ್ದಕ್ಕೂ ಮೇಲೆ ಸಾಗಿಸಿ, ಆ ಕೈಗೆ ಸೇರಿದ ಕೋಶಗಳಿಗಷ್ಟೇ ಮುಟ್ಟಿಸುತ್ತವೆ. ಕಣ್ಣಿಗೆ, ಎದೆಗೆ ಬೀಗ ಹಾಗೇ ಇರುತ್ತದೆ. ಕೆಟ್ಟರೂ ಒಂದೇ ಕೈ ಕೆಡುತ್ತದೆ. ಮಣ್ಣೂರ ಸರ್ ತಲೆ ಕೆರೆದುಕೊಂಡು, ನೈತಿಕ ಸಮಿತಿಯ ಮುಂದೆ ಇಟ್ಟುನೋಡೋಣ ಅಂದರು. ಸಮಿತಿಯವರು ತಿಂಗಳುಗಟ್ಟಲೆ ಎಳೆದಾಡಿದರು. ಅವರ ಮುಂದೆ ಫಕ್ಕೀರವ್ವ ಒಂದೇ ಮಾತು ಹೇಳಿದಳು, “ಬೀಗ ಹಾಕೂ ಮುಂದ ನನ್ನ ಕೇಳಿ ಹಾಕಿದ್ರಿ. ತಗಿ ಅಂದ್ರ ಈಗ ಮಂದೀನ್ನೆಲ್ಲಾ ಕೇಳಾಕ ಹತ್ತೀರಿ.” ಒಪ್ಪಿಗೆ ಬಂತು.

ಯಾವ ಕೈ ಎಂಬ ಪ್ರಶ್ನೆ ಬಂದಾಗ ನಾನು ಎರಡನೇ ಯೋಚನೆಯಿಲ್ಲದೆ ಬಲಗೈ ಎಂದು ಬರೆದಿದ್ದೆ. ಆಕೆ ತಡೆದಳು. ಪ್ರಯೋಗಾಲಯದ ನೆಲದ ಮೇಲೆ ಕಾಲು ನೀಡಿ ಕೂತು, ನನ್ನ ಬಿಳಿ ಕೋಟನ್ನು ಕೇಳಿ ಇಸಿದುಕೊಂಡು, ಸುತ್ತಿ ಕೂಸಿನಂತೆ ಕಾಲಮೇಲೆ ಮಲಗಿಸಿಕೊಂಡಳು. ಬಲಗೈ ಚೆಂಬು ಹಿಡಿಯಿತು. ಎಡಗೈ ಕೂಸಿನ ಹಣೆಗೆ ಅಡ್ಡ ಬಂತು, ಕತ್ತಿನಡಿ ಹೋಯಿತು, ಕಣ್ಣು ಒರೆಸಿತು, ಬೆನ್ನು ತಿಕ್ಕಿತು. ಮಣ್ಣೂರ ಸರ್ ಬಾಗಿಲಲ್ಲೇ ನಿಂತು ನೋಡುತ್ತಿದ್ದರು.

“ಬಲಗೈ ನೀರಿಂದು. ಕೂಸಿಂದು ಎಡಗೈ. ಎಡಗೈಗೇ ಚುಚ್ರಿ,” ಅಂದಳು.

“ಕಾಯಿ ಬಿಡಸೂ ಮುಂದ ಕಾಯಿ ಹಿಡಿಯೋದು ಯಾವ ಕೈಲೆ?” ಎಂದು ಕೇಳಿದೆ.

“ಎಡಗೈಲೇ ರೀ. ಬಲಗೈ ತುಂಬು ಮುರೀತೈತಿ.”

ಅಂದರೆ ಕಾಯಿಯ ಮೈಯೆಲ್ಲ ಹತ್ತುವುದು ಎಡಗೈಗೆ. ದಿನಾ ಪೇಟೆಯಲ್ಲಿ ಉರಿಯುವುದೂ ಅದೇ. ಆಕೆಗೆ ಅದು ಗೊತ್ತಿತ್ತು, ನನಗೂ ಗೊತ್ತಾಯಿತು. ಬಲಗೈ ಎಂದು ಬರೆದದ್ದನ್ನು ಹೊಡೆದು ಎಡಗೈ ಎಂದು ತಿದ್ದಿದೆ.

ಚುಚ್ಚಿದ ಮೇಲೆ ವಾರಕ್ಕೊಮ್ಮೆ ಆಕೆ ಧಾರವಾಡಕ್ಕೆ ಬರುತ್ತಿದ್ದಳು. ಮೊಣಕೈಯ ಹತ್ತಿರ ನರದೊಳಕ್ಕೆ ಕೂದಲಿಗಿಂತ ಸಣ್ಣ ಸೂಜಿ ಇಳಿಸಿ, ಒಂದೇ ಒಂದು ಕೋಶದ ಸದ್ದನ್ನು ಸ್ಪೀಕರಿನಲ್ಲಿ ಕೇಳುತ್ತಿದ್ದೆವು. ಅಂಗೈಗೆ ಖಾರದ ನೀರು ಸವರುವುದು, ಕಿವಿಗೊಟ್ಟು ಕೂರುವುದು. ಏನೂ ಇಲ್ಲ. ಮುಂದಿನ ವಾರವೂ ಏನೂ ಇಲ್ಲ. ನನ್ನ ಕೀಲಿಕೈ ದಾರಿಯಲ್ಲೇ ಎಲ್ಲೋ ಕಳೆದುಹೋಯಿತು ಅಂದುಕೊಂಡು ನಾನು ಸಿಡಿಮಿಡಿಗೊಂಡೆ. ಒಂದು ಮಧ್ಯಾಹ್ನ ಸ್ಪೀಕರಿನಲ್ಲಿ ಒಗ್ಗರಣೆಗೆ ಬಿದ್ದ ಸಾಸಿವೆಯ ಹಾಗೆ ಚಟ್ ಅಂತು. ಮತ್ತೊಂದು ಸಲ ಅಂತು. ಆಮೇಲೆ ಒಂದೇ ಸಮನೆ ಚಟಪಟ ಶುರುವಾಯಿತು.

ಫಕ್ಕೀರವ್ವ ಕಣ್ಣು ಮುಚ್ಚಿಕೊಂಡಿದ್ದಳು. “ಬಂತ್ರಿ ಅಕ್ಕಾರ. ಬಂತು,” ಅಂದಳು. ನಾನು ಕುರ್ಚಿಯಿಂದ ಎದ್ದು ಮಣ್ಣೂರ ಸರ್ ಕೈ ಹಿಡಿದು ಕುಲುಕಿಬಿಟ್ಟೆ, ಅವರಿಗೇ ಗಾಬರಿಯಾಯಿತು.

ನಮ್ಮ ಸಂತೋಷ ಬಹಳ ದಿನ ಬಾಳಲಿಲ್ಲ. ಇಲಿಗಳಿಗಾದದ್ದೇ ಆಕೆಗೂ ಆಯಿತು. ಎಡಗೈಗೆ ಸೀರೆಯ ಸೆರಗು ಸೋಕಿದರೆ ಉರಿ, ಫ್ಯಾನಿನ ಗಾಳಿ ತಾಗಿದರೆ ಉರಿ, ಬಳೆ ಜಾರಿದರೆ ಉರಿ. ಬಳೆ ತೆಗೆದಿಟ್ಟಳು. ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ಮಲಗಿದಳು. ಪೇಟೆಗೆ ಹೋಗುವುದು ನಿಂತಿತು. ಸೋಮಲಿಂಗಪ್ಪ ಫೋನಿನಲ್ಲಿ ನನ್ನ ಮೇಲೆ ಹರಿಹಾಯ್ದ.

“ನೆಟ್ಟಗಿದ್ದ ಹೆಂಗಸಿನ್ನ ಏನ್ ಮಾಡಿಟ್ಟೀರಿ? ನಿಮ್ಮ ಕೈಗೆ ಒಂದ ಸಲ ಚುಚ್ಚಕೊಂಡು ನೋಡ್ರಿ, ತಿಳೀತೈತಿ!”

ಬೈಯಲಿ, ಬೈಯುವ ಹಕ್ಕು ಅವನಿಗಿತ್ತು. ಮಣ್ಣೂರ ಸರ್ ಬ್ಯಾಡಗಿಗೆ ತಾವೇ ಬಂದು, ಮಂಚದ ಪಕ್ಕ ಕೂತು ಹೇಳಿದರು, “ತಾಯಿ, ಇನ್ನೂ ಕಾಲ ಮಿಂಚಿಲ್ಲ. ಇನ್ನೊಂದು ಚುಚ್ಚಿದ್ರ ಬೀಗ ತಿರಿಗಿ ಬೀಳ್ತದ. ಉರಿ ಹೋಗ್ತದ. ಹೂಂ ಅನ್ರಿ.”

ಫಕ್ಕೀರವ್ವನ ಮುಖ ಬೆವರಿನಿಂದ ತೊಯ್ದಿತ್ತು. “ಉರೀಲಿ ಬಿಡ್ರಿ ಸರ,” ಅಂದಳು. “ಈ ಕೈ ಬಾಳ ದಿನ ಮಲಗಿತ್ತು. ಎಬ್ಬಿಸಿದ್ದಕ್ಕ ಸಿಟ್ಟಿಗೆದ್ದೈತಿ. ಸಿಟ್ಟು ಇಳೀತೈತಿ.”

ಇಳಿಯದಿದ್ದರೆ ಎಂಬ ಹೆದರಿಕೆ ನನಗಿತ್ತು. ನಮ್ಮಲ್ಲಿ ಕೆರಳಿದ ನರಗಳನ್ನು ಪಳಗಿಸುವ ಒಂದು ಕ್ರಮವಿದೆ: ಮೊದಲು ಹತ್ತಿ, ಆಮೇಲೆ ಬಟ್ಟೆ, ಆಮೇಲೆ ಅಕ್ಕಿ, ಆಮೇಲೆ ಉಗುರುಬೆಚ್ಚನೆಯ ನೀರು; ಒಂದೊಂದನ್ನೇ ಮುಟ್ಟಿಸುತ್ತಾ, ಇದು ಬೆಂಕಿಯಲ್ಲ, ಇದು ಬೆಂಕಿಯಲ್ಲ ಎಂದು ಬೆನ್ನುಹುರಿಗೆ ಮತ್ತೆ ಕಲಿಸುವುದು. ಆಕೆ ಹಲ್ಲು ಕಚ್ಚಿಕೊಂಡು ಅದನ್ನು ಮಾಡಿದಳು. ಅತ್ತಳು, ಬೈದಳು, ನನಗೂ ಬೈದಳು, ಮಾಡಿದಳು. ಹುಸೇನಬಿ ದಿನಾ ಸಂಜೆ ಪೇಟೆಯಿಂದ ನೇರ ಬಂದು, ತನ್ನ ಕೈ ದೂರ ಇಟ್ಟುಕೊಂಡು, ಅಕ್ಕಿಯ ಬುಟ್ಟಿಯನ್ನು ಕಾಲಿನಿಂದ ಅವಳ ಮುಂದೆ ತಳ್ಳುತ್ತಿದ್ದಳು. “ಹಾಕ ಕೈ, ಹಾಕ. ಊರ ಮಂದಿ ಎದುರಿಗೆ ಅಷ್ಟ ಜೋರ ಮಾಡಿದ್ದಿ,” ಎಂದು ಗದರಿಸುತ್ತಿದ್ದಳು.

ಬೇಸಿಗೆ ಕಳೆದು ಮಳೆಗಾಲ ಬರುವ ಹೊತ್ತಿಗೆ ಸೆರಗು ಸೋಕಿದರೆ ಉರಿಯುತ್ತಿರಲಿಲ್ಲ. ಜೋರು ಗಾಳಿಗೆ ಮಾತ್ರ ಸ್ವಲ್ಪ ಚುರ್ ಅನ್ನುತ್ತಿತ್ತು. ಫಕ್ಕೀರವ್ವ ಬಳೆ ತೊಟ್ಟು ಪೇಟೆಗೆ ಹೋದಳು. ಉಳಿದವರು ಹಾಡುತ್ತಿದ್ದರೆ ಆಕೆ ಒಂದು ಕೈ ತಣ್ಣಗೆ, ಒಂದು ಕೈ ಉರಿಸಿಕೊಂಡು ತುಂಬು ಮುರಿದಳು. ಸಂಜೆ ಎಡಗೈಯನ್ನು ಕೇಳಿಕೊಂಡೇ ಎರಡೂ ಕೈ ತೊಳೆದಳು. ಬಲಗೈಯ ಬೆರಳನ್ನು ಎಡ ಅಂಗೈಗೆ ತಿಕ್ಕಿದರೆ ಬಲಗೈಯ ಸುದ್ದಿಯೂ ಎಡಗೈಗೆ ತಿಳಿಯುತ್ತಿತ್ತು. ಇದು ನಮ್ಮ ಯೋಜನೆಯಲ್ಲಿ ಇರಲಿಲ್ಲ, ಒಂದಕ್ಕೆರಡು ಲಾಭ.

ಇನ್ನು ಉಳಿದದ್ದು ಕಸ್ತೂರಿ. ಆಕೆಯನ್ನು ಕರೆತರಲು ನಾನೇ ಮೋಟೆಬೆನ್ನೂರಿಗೆ ಹೋದೆ. ತಾಯಿಯ ಕೈಗೆ ಏನೇನಾಯಿತು ಎಂದು ಎಲ್ಲವನ್ನೂ ಹೇಳಿದೆ. ಕೂಸು ಅಷ್ಟು ಹೊತ್ತಿಗೆ ಕೂರುವಷ್ಟು ದೊಡ್ಡದಾಗಿತ್ತು. ನನ್ನ ಕನ್ನಡಕ ಕಸಿಯಲು ಮುಂದಾಯಿತು.

“ನೋಡ್ರಿ ಮೇಡಂ, ನೀವ ಹೇಳೂದೆಲ್ಲಾ ಖರೆ ಇರಬಹುದು,” ಅಂದಳು ಕಸ್ತೂರಿ. “ಆದ್ರ ಅವತ್ತಿನ ಚೀರೂದು ನನ್ನ ಕಿವ್ಯಾಗ ಇನ್ನೂ ಐತಿ. ಬರ್ತೀನಿ. ಎದುರಿಗೆ ನಿಂತು ನೋಡ್ತೀನಿ. ಕೂಸು ಒಂಚೂರು ಮುಖ ಕಿವುಚಿದ್ರೂ ಎತ್ಕೊಂಡು ಹೊಂಟ್ಹೋಗ್ತೀನಿ, ಮತ್ತ ನನ್ನ ಕರಿಯಾಕ ಬರಬ್ಯಾಡ್ರಿ.”

ಬಂದಳು. ಬಚ್ಚಲಲ್ಲಿ ಹಂಡೆ ಕಾದಿತ್ತು. ಮಣೆ ಹಾಕಿತ್ತು. ಫಕ್ಕೀರವ್ವ ಅವತ್ತು ಪೇಟೆಗೆ ಹೋಗಿರಲಿಲ್ಲ, ಹಿಂದಿನ ಸಂಜೆಯವರೆಗೂ ಗುಂಟೂರಿನ ರಾಶಿಯ ಮುಂದೆ ಕೂತಿದ್ದಳು. ಮುಂಜಾನೆಯಿಂದ ಎಷ್ಟು ಸಲ ಕೈ ತೊಳೆದಿದ್ದಳೋ, ಬೆರಳುಗಳು ಸುಕ್ಕುಗಟ್ಟಿದ್ದವು. ನಾನು ಎರಡೂ ಕೈಗೆ ಪಟ್ಟಿ ಒತ್ತಿ ನೋಡಿದೆ, ಬಣ್ಣ ತಿರುಗಲಿಲ್ಲ. ಮಣ್ಣೂರ ಸರ್ ವಿಡಿಯೋ ಬೇಕೇ ಬೇಕು ಅಂದಿದ್ದರಿಂದ ಫೋನ್ ತೆಗೆದು ಹಿಡಿದೆ. ಸೋಮಲಿಂಗಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದ. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕಸ್ತೂರಿ ಕೂಸಿನ ಅಂಗಿ ಬಿಚ್ಚಿ, ಕೊಡಲು ಬಗ್ಗಿದಳು.

ಮಣೆಯ ಮೇಲೆ ಕಾಲು ನೀಡಿ ಕೂತಿದ್ದ ಫಕ್ಕೀರವ್ವ ನೀರಿನ ಹದ ನೋಡಲು ಎಡಗೈಯನ್ನು ಬಕೆಟಿನಲ್ಲಿ ಅದ್ದಿದಳು. ಅದ್ದಿದವಳು ಕೈಯನ್ನು ಅಲ್ಲೇ ಬಿಟ್ಟಳು.

“ಐತಿ,” ಅಂದಳು.

“ಏನೈತಿ?” ಎಂದು ನಾನು ಕೇಳಿದೆ.

“ಖಾರ ಐತ್ರಿ. ಬಿಸಿನೀರಾಗ ಎದ್ದು ಕುಂತೈತಿ.” ಕೈ ತೆಗೆದು, ಮತ್ತೆ ಎಣ್ಣೆ ಹಚ್ಚಿ, ತಿಕ್ಕಿ, ಸೋಪು ಹಾಕಿ ತೊಳೆದು, ಮತ್ತೆ ಅದ್ದಿದಳು. “ಐತಿ.”

ಬಿಸಿನೀರಿಗೆ ಉಳಿದ ಖಾರ ಮತ್ತೆ ಏಳುತ್ತದೆ, ಅದು ನಿಜ. ಬಾಗಿಲು ಒಂದೇ ಆದ್ದರಿಂದ ಶಾಖ ಮತ್ತು ಖಾರ ಒಂದರ ಬಲವನ್ನು ಇನ್ನೊಂದು ಹೆಚ್ಚಿಸುತ್ತವೆ. ಆದರೆ ಕೆರಳಿದ ನರದ ಹಳೆಯ ಕಿರಿಕಿರಿಯೂ ಬಿಸಿನೀರಿಗೆ ಹಾಗೆಯೇ ಏಳುತ್ತದೆ. ಯಾವುದು ಎಂದು ಹೇಳಲು ನನ್ನ ಹತ್ತಿರ ಯಂತ್ರವಿರಲಿಲ್ಲ. ಇವತ್ತಿಗೂ ನನಗೆ ಗೊತ್ತಿಲ್ಲ.

“ಪಟ್ಟಿ ಸ್ವಚ್ಛ ತೋರಿಸೈತಿ ಫಕ್ಕೀರವ್ವ. ಅದು ನರದ ಉರಿ ಇರಬೇಕು. ಮಗಳು ಇಷ್ಟು ದೂರ ಬಂದಾಳ. ಇವತ್ತು ಬಿಟ್ರ ಮತ್ತ…” ಎಂದು ನಾನು ಮಗಳಿಗೆ ಕೇಳದಂತೆ ಅಂದೆ. ಅವಳಿಗೆ ಕೇಳಿಸಿತು.

ಫಕ್ಕೀರವ್ವ ಕೂಸನ್ನು ನೋಡಿದಳು. ಬೆತ್ತಲೆ ಕೂಸು ಅಜ್ಜಿಯ ಬಳೆಗಳ ಕಡೆ ಕೈ ಚಾಚಿ ಕಿಲಕಿಲ ಅನ್ನುತ್ತಿತ್ತು. ಆಕೆಯ ಕಣ್ಣು ತುಂಬಿ ಬಂದವು. ಒರೆಸಿಕೊಳ್ಳಲಿಲ್ಲ, ಎರಡೂ ಕೈಗಳನ್ನು ಕೂಸಿನಿಂದ ದೂರ ಹಿಡಿದಿದ್ದಳು.

“ಇರಬಹುದ್ರಿ. ಇರ್ಲಿಕ್ಕಿಲ್ಲ,” ಅಂದಳು. “ಕೈ ಒಲ್ಲೆ ಅನ್ನಾಕ ಹತ್ತೈತಿ. ಇದರ ಮಾತ ಕೇಳಾಕಂತನ ಇಷ್ಟು ದಿನ ಉರದೇನಿ, ಈಗ ಕೇಳಲಿಲ್ಲಂದ್ರ ಹೆಂಗ್ರಿ?” ಎಂದು ಮಗಳ ಕಡೆ ತಿರುಗಿದಳು. “ಇವತ್ತ ಬ್ಯಾಡ ಕಸ್ತೂರಿ. ಅಂಗಿ ಹಾಕು, ಥಂಡಿ ಆಗ್ತೈತಿ. ಹೋಗೂದಿದ್ರ ಹೋಗು. ನಾ ಏನೂ ಅನ್ನೂದಿಲ್ಲ.”

ನಾನು ಫೋನ್ ಇಳಿಸಿದೆ. ಇಷ್ಟು ವರ್ಷದ ಕೆಲಸ ಬಚ್ಚಲಿನ ಮೋರಿಯಲ್ಲಿ ಹರಿದುಹೋಯಿತು ಅನ್ನಿಸಿತು. ಸೋಮಲಿಂಗಪ್ಪ “ಏನ ಬೇ ನಿಂದು” ಎಂದು ಹಲುಬಿದ.

ಕಸ್ತೂರಿ ಅಲ್ಲಾಡಲಿಲ್ಲ. ತಾಯಿಯನ್ನೇ ನೋಡುತ್ತಾ ನಿಂತಳು, ಬಂದಾಗಿನಿಂದ ಮೊದಲ ಸಲ. ಆಮೇಲೆ ಕೂಸಿಗೆ ಅಂಗಿ ಹಾಕಿ, ಒಂದು ಟವೆಲ್ ಸುತ್ತಿ, ತಾಯಿಯ ತೊಡೆಯ ಮೇಲೆ ತಂದು ಕೂರಿಸಿದಳು.

“ಹೋಗೂದಿಲ್ಲ,” ಅಂದಳು. “ನಾಳೆ ಮುಂಜಾನೆ ನೀನ ಎರಿ. ನಾಳೆ ಒಲ್ಲೆ ಅಂದ್ರ ನಾಡದ ಎರಿ. ಅಲ್ಲೀತನಾ ಇಲ್ಲೇ ಇರ್ತೀನಿ.”

ಫಕ್ಕೀರವ್ವ ಎರಡೂ ಕೈಗಳನ್ನು ತಲೆಗಿಂತ ಮೇಲೆ ಎತ್ತಿ ಹಿಡಿದು ಕೂತಳು. ಮೊಮ್ಮಗಳು ಅವಳ ಎದೆಗೆ ಒರಗಿ ಎದ್ದು ನಿಲ್ಲಲು ನೋಡುತ್ತಾ, ಬಳೆಗಳ ಕಡೆ ಎರಡೂ ಕೈ ಚಾಚಿತು. ಅಜ್ಜಿ ಕೈಗಳನ್ನು ಇನ್ನಷ್ಟು ಮೇಲಕ್ಕೆತ್ತಿದಳು.

“ತಡಿ ನನ್ನವ್ವಾ,” ಅಂದಳು. “ಕೈ ಆರ್ಲಿ, ತಡಿ.”